ಡಿಸ್ಪ್ಲೇ ಬರ್ತಿಲ್ಲ ಅಂದ್ರೆ ಬೋರ್ಡ್ ಹೋಗಿದೆ ಅಂತಲ್ಲ

1/8

ಫೋಟೋ ಲೋಡ್ ಆಗಿಲ್ಲ ಅಂದ್ಕೋಬೇಡಿ. ಆಗಿದೆ. ಆ ಕಪ್ಪು ಚೌಕಾನೇ ಫೋಟೋ.

ಹೋದ ತಿಂಗಳು 17ನೇ ತಾರೀಖು, ಶನಿವಾರ ರಾತ್ರಿ ಹನ್ನೊಂದೂವರೆಗೆ ನಮ್ಮನೆ ಮಾನಿಟರ್ ಹಿಂಗಿತ್ತು. 'ನೋ ಸಿಗ್ನಲ್' ಅಂತ ಎರಡು ಸೆಕೆಂಡ್ ತೋರಿಸಿ ಮಲಗಿಬಿಡ್ತಿತ್ತು. ಕ್ಯಾಬಿನೆಟ್ ಒಳಗೆ ಫ್ಯಾನ್ ಮಾತ್ರ ಏನೂ ಆಗೇ ಇಲ್ಲ ಅನ್ನೋ ಥರ ಜುಂಯ್ ಅಂತ ತಿರುಗ್ತಿತ್ತು.

ಅದಕ್ಕೆ ಒಂದು ಗಂಟೆ ಮುಂಚೆ ನಾನು ಅದಕ್ಕೆ ಎರಡು ಹೊಸ ಪಾರ್ಟ್ ಹಾಕಿದ್ದೆ. 8 ಜಿಬಿ ರ‍್ಯಾಮ್ ಒಂದು, ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಒಂದು. ಎರಡೂ ಸೇರಿ 11,000 ರೂಪಾಯಿ. ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು. ಕಾಲೇಜ್ ಫೆಸ್ಟ್ ವಿಡಿಯೋ ಎಡಿಟ್ ಮಾಡೋವಾಗ ಹಳೇ ಸಿಸ್ಟಂ ಎಷ್ಟು ತೆವಳ್ತಿತ್ತು ಅಂತ ನಮ್ ಕ್ಲಾಸ್‌ನೋರಿಗೆ ಗೊತ್ತು.

ಸೋಮವಾರ ಒಬ್ಬರು 'ಬೋರ್ಡ್ ಹೋಗಿದೆ' ಅಂದ್ರು. ಹೋಗಿರಲಿಲ್ಲ. ಅದೇ ಬೋರ್ಡ್ ಇರೋ ಕಂಪ್ಯೂಟರಲ್ಲಿ ಈಗ ಇದನ್ನ ಟೈಪ್ ಮಾಡ್ತಿದೀನಿ.

ಈ ಸರಣಿಯಲ್ಲಿ ನಾನು ಹೇಳ್ಬೇಕು ಅಂದ್ಕೊಂಡಿರೋದು ಒಂದೇ. ಅಪ್‌ಗ್ರೇಡ್ ಆದ್ಮೇಲೆ ಡಿಸ್ಪ್ಲೇ ಬರಲಿಲ್ಲ ಅಂದ್ರೆ, ಹೊಸದು ಏನನ್ನೂ ಕೊಳ್ಳೋ ಮೊದಲು, ಕಂಪ್ಯೂಟರನ್ನ ನಿನ್ನೆ ಹೆಂಗಿತ್ತೋ ಹಂಗೆ ಮಾಡಿ ನೋಡಿ. ಇದನ್ನ ಯಾರೂ ಮಾಡಲ್ಲ. ನಾವೂ ಮಾಡಲ್ಲ, ಅಂಗಡಿಯವ್ರೂ ಮಾಡಲ್ಲ. ಯಾಕೆ ಮಾಡಲ್ಲ ಅನ್ನೋದೇ ನನಗೆ ಮುಖ್ಯ. ಅದು ಕೊನೇ ಕ್ಯಾಪ್ಶನ್‌ನಲ್ಲಿ.

2/8

ಈ ಫೋಟೋದಲ್ಲಿರೋದು ಅಪ್ಪನ ಬಿಲ್ ಬುಕ್.

ಯಾಕಂದ್ರೆ ಈ ಕಂಪ್ಯೂಟರ್ ನಂದಲ್ಲ, ಅಪ್ಪಂದು. ತಿಪಟೂರಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ಬಣ್ಣ, ಮೋಟ್ರು... ಆ ಹಾರ್ಡ್‌ವೇರ್. ಅಂಗಡಿ ಲೆಕ್ಕ ಪೂರ್ತಿ ಈ ಸಿಸ್ಟಂನ ಟ್ಯಾಲಿಯಲ್ಲಿದೆ. ಹಗಲು ಬಿಲ್ ಬುಕ್‌ನಲ್ಲಿ ಬರೆದದ್ದನ್ನ ರಾತ್ರಿ ಟ್ಯಾಲಿಗೆ ಹಾಕೋಳು ನಾನೇ. ಬಿಕಾಂ ಓದ್ತಿರೋದಕ್ಕೆ ಮನೇಲಿ ಸಿಕ್ಕ ಮೊದಲ ಕೆಲಸ ಅದು.

20ನೇ ತಾರೀಖಿನೊಳಗೆ ಜಿಎಸ್‌ಟಿಆರ್-3ಬಿ ಹಾಕ್ಬೇಕು. ತಡ ಆದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ವರ್ಷಕ್ಕೆ 18% ಲೆಕ್ಕದಲ್ಲಿ ಬಡ್ಡಿ. ಇದನ್ನ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. 17ಕ್ಕೆ ರಾತ್ರಿ ಕಂಪ್ಯೂಟರ್ ಬಿಚ್ಚೋವಾಗ ಮಾತ್ರ ನೆನಪೇ ಆಗಲಿಲ್ಲ. ಅಪ್ಪನ್ನ ಕೇಳಿರಲೂ ಇಲ್ಲ.

ಬ್ಯಾಕಪ್? ಪೆನ್‌ಡ್ರೈವ್‌ನಲ್ಲಿ ಇತ್ತು. ನಾಲ್ಕು ತಿಂಗಳ ಹಿಂದಿಂದು.

ಇಲ್ಲಿ ಒಂದು ವಿಷಯ ಹೇಳ್ಬಿಡ್ತೀನಿ, ಯಾರಾದ್ರೂ ಇದೇ ಸ್ಥಿತಿಯಲ್ಲಿ ಕೂತು ಓದ್ತಿದ್ರೆ ಸ್ವಲ್ಪ ಉಸಿರು ಬಿಡಲಿ ಅಂತ. ಡಿಸ್ಪ್ಲೇ ಬರದಿದ್ರೆ ಡೇಟಾ ಹೋಯ್ತು ಅಂತ ಅರ್ಥ ಅಲ್ಲ. ಡೇಟಾ ಇರೋದು ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್‌ನಲ್ಲಿ. ಅದು ಚೆನ್ನಾಗಿದ್ರೆ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಫೈಲ್ ತಗೋಬಹುದು.

ಆ ರಾತ್ರಿ ನನಗೆ ಇದನ್ನ ಹೇಳೋರು ಯಾರೂ ಇರಲಿಲ್ಲ. ಲೈಟ್ ಆರಿಸಿ ಮಲಗಿದೆ. ನಿದ್ದೆ ಬರಲಿಲ್ಲ.

3/8

ಈಗ ಭಾನುವಾರದ ಕಥೆ. ಗಮನ ಇಟ್ಟು ಓದಿ, ನಾನು ಎಲ್ಲಿ ಎಡವಿದೆ ಅನ್ನೋದು ಇದರಲ್ಲೇ ಇದೆ.

ನಮ್ಮದು ಐ3-10100 ಪ್ರೊಸೆಸರ್, ಎಚ್410 ಬೋರ್ಡ್. ರ‍್ಯಾಮ್‌ಗೆ ಎರಡೇ ಸ್ಲಾಟ್. ಒಂದರಲ್ಲಿ ಹಳೇ 8 ಜಿಬಿ ಇತ್ತು, ಇನ್ನೊಂದಕ್ಕೆ ಹೊಸದು ಹಾಕಿದ್ದೆ. ಜೋರಾಗಿ ಒತ್ತಿದ್ರೆ ಬೋರ್ಡ್ ಮುರಿದುಬಿಡುತ್ತೇನೋ ಅಂತ ಹೆದರಿ ಮೆತ್ತಗೆ ಒತ್ತಿದ್ದೆ. ಗ್ರಾಫಿಕ್ಸ್ ಕಾರ್ಡ್ ಹಾಕಿ, ಅದರ 8 ಪಿನ್ ಪವರ್ ಕೇಬಲ್ಲೂ ಕೊಟ್ಟಿದ್ದೆ. ಮಾನಿಟರ್ ಕೇಬಲ್ ಮಾತ್ರ ಮೊದಲಿಂದ ಎಲ್ಲಿತ್ತೋ ಅಲ್ಲೇ, ಬೋರ್ಡ್‌ನ ಎಚ್‌ಡಿಎಂಐ ಪೋರ್ಟ್‌ನಲ್ಲೇ ಇತ್ತು.

ಬೆಳಿಗ್ಗೆ ಒಬ್ಬ ಕ್ಲಾಸ್‌ಮೇಟ್‌ಗೆ ಫೋನ್ ಮಾಡಿದೆ. 'ಕೇಬಲ್‌ನ ಕಾರ್ಡ್‌ಗೆ ಹಾಕು' ಅಂದ. ಹಾಕಿದೆ. ಕಪ್ಪು. ಸರಿ, ಕೇಬಲ್ ತೊಂದರೆ ಅಲ್ಲ ಅಂತ ಅದನ್ನ ವಾಪಸ್ ಬೋರ್ಡ್‌ಗೇ ಹಾಕಿದೆ.

ಇನ್ನೊಬ್ಬಳು 'ರ‍್ಯಾಮ್ ತೆಗೆದು ರಬ್ಬರ್‌ನಲ್ಲಿ ಉಜ್ಜಿ ಹಾಕು' ಅಂದ್ಲು. ಎರಡನ್ನೂ ತೆಗೆದೆ, ಉಜ್ಜಿದೆ, ಪುಡಿ ಊದಿ ಒರೆಸಿ, ಈ ಸಲ ಟಕ್ ಅನ್ನೋ ಹಾಗೆ ಒತ್ತಿ ಹಾಕಿದೆ. ಆನ್ ಮಾಡಿದೆ. ಕಪ್ಪು. ಸರಿ, ರ‍್ಯಾಮ್ ಅಲ್ಲ.

ಮೂರನೆಯವನು 'ಎಸ್‌ಎಂಪಿಎಸ್ ವೀಕ್ ಇರ್ಬೇಕು' ಅಂದ. ನಾಲ್ಕನೆಯವನು 'ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಂಡ್ಯಲ್ಲ, ಅದೇ ಹಾಳು' ಅಂದ. ಸಂಜೆ ಹೊತ್ತಿಗೆ ನನ್ನ ಹತ್ರ ಎಂಟು ಅಭಿಪ್ರಾಯ ಇತ್ತು. ಡಿಸ್ಪ್ಲೇ ಇರಲಿಲ್ಲ.

ನಿಮಗೆ ಗೊತ್ತಾಯ್ತಾ? ನನಗೆ ಆಗಿರಲಿಲ್ಲ.

4/8

ಸೋಮವಾರ ಬೆಳಿಗ್ಗೆ ಸ್ಕೂಟಿ ಮುಂದೆ ಕ್ಯಾಬಿನೆಟ್ ಇಟ್ಕೊಂಡು, ಮಂಡಿಯಲ್ಲಿ ತಡೆದು, ಪ್ರತಿ ಹಂಪ್‌ಗೂ ದೇವರ ಹೆಸರು ಹೇಳ್ಕೊಂಡು ಅಂಗಡಿಗೆ ಹೋದೆ. ಅಂಗಡಿ ಹೆಸರು ಕೇಳ್ಬೇಡಿ, ಹೇಳಲ್ಲ. ಇದು ಅವರೊಬ್ಬರ ಮೇಲಿನ ದೂರಲ್ಲ.

ಅಲ್ಲಿ ಆಗಲೇ ಮೂರು ಪ್ರಿಂಟರ್, ಎರಡು ಲ್ಯಾಪ್‌ಟಾಪ್ ಸಾಲಲ್ಲಿದ್ವು. ಅಣ್ಣ ನಮ್ಮ ಸಿಸ್ಟಂಗೆ ಪವರ್ ಕೊಟ್ಟು, ಅವರ ಮಾನಿಟರ್ ಕೇಬಲ್‌ನ ಮೇಲಿನ ಪೋರ್ಟ್‌ಗೆ, ಅಂದ್ರೆ ಬೋರ್ಡ್‌ನ ಪೋರ್ಟ್‌ಗೆ ಹಾಕಿದ್ರು. ಕಪ್ಪು. ಸೈಡ್ ಪ್ಯಾನೆಲ್ ತೆಗೆದು ಟಾರ್ಚ್ ಹಾಕಿ ಒಂದ್ಸಲ ನೋಡಿದ್ರು.

'ಯಾರಮ್ಮ ಇದನ್ನ ಬಿಚ್ಚಿದ್ದು?'

'ನಾನೇ.'

'ಬೋರ್ಡ್ ಹೋಗಿದೆ. 6,500 ಆಗುತ್ತೆ, ಫಿಟ್ಟಿಂಗ್ ಬೇರೆ. ಅಪ್ಪನ್ನೋ ಅಣ್ಣನ್ನೋ ಕಳ್ಸಮ್ಮ, ಮಾತಾಡ್ತೀನಿ.'

ಐದು ನಿಮಿಷ ಆಗಿತ್ತು ಅಷ್ಟೇ. ನಾನು 'ನೋಡಿದ್ದಕ್ಕೆ ಎಷ್ಟು ಕೊಡ್ಲಿ' ಅಂದೆ. 'ನೋಡಿದ್ದಕ್ಕೆಲ್ಲ ದುಡ್ಡು ತಗೊಳಲ್ಲಮ್ಮ' ಅಂದ್ರು.

ಒಳ್ಳೇ ಮಾತು ಅನಿಸ್ತು ಆಗ. ಈ ಮಾತನ್ನ ನೆನಪಿಟ್ಕೊಳ್ಳಿ, ಇದಕ್ಕೆ ಮತ್ತೆ ಬರ್ತೀನಿ.

ಅಣ್ಣನ್ನ ಕಳ್ಸು ಅಂದದ್ದು ಚುಚ್ಚಿತು, ಇಲ್ಲ ಅನ್ನಲ್ಲ. ಆದ್ರೆ ಅದಕ್ಕಿಂತ ಜಾಸ್ತಿ ಚುಚ್ಚಿದ್ದು 'ಯಾರು ಬಿಚ್ಚಿದ್ದು' ಅನ್ನೋದು. ಬಿಚ್ಚಿದವಳು ನಾನು, ಹಾಗಾಗಿ ಬೋರ್ಡ್ ಸುಟ್ಟವಳೂ ನಾನೇ ಅಂತ ಒಪ್ಕೊಂಡುಬಿಟ್ಟೆ. ಒಂದು ಪ್ರಶ್ನೇನೂ ವಾಪಸ್ ಕೇಳಲಿಲ್ಲ. ನಮ್ಮಲ್ಲಿ ಎಷ್ಟೋ ಜನ ದುಡ್ಡು ಕಟ್ಟೋದು ಹೀಗೇ ಕಣ್ರೋ. ತಪ್ಪು ಮಾಡಿದೀವಿ ಅನ್ನೋ ಭಯಕ್ಕೇ ಕಟ್ತೀವಿ.

5/8

ಸಂಜೆ ಅಪ್ಪನಿಗೆ ಎಲ್ಲಾ ಹೇಳಿದೆ. ಬೈತಾರೆ ಅಂತ ರೆಡಿಯಾಗೇ ಹೋಗಿದ್ದೆ. ಅಪ್ಪ ಬೈಲಿಲ್ಲ. ಬಿಲ್ ಬುಕ್ ತೆಗೆದು, ಕ್ಯಾಲ್ಕುಲೇಟರ್ ಇಟ್ಕೊಂಡು, ತಿಂಗಳ ಸೇಲ್ಸ್‌ನ ಒಂದೊಂದೇ ಹಾಳೆ ಕೂಡೋಕೆ ಶುರು ಮಾಡಿದ್ರು. ಅದನ್ನ ನೋಡೋದಕ್ಕಿಂತ ಬೈಸ್ಕೊಳೋದೇ ವಾಸಿ ಇತ್ತು.

ಸ್ವಲ್ಪ ಹೊತ್ತಾದ್ಮೇಲೆ ತಲೆ ಎತ್ತದೇ ಕೇಳಿದ್ರು. 'ಬೋರಲ್ಲಿ ನೀರು ಬರ್ತಿಲ್ಲ, ಮೋಟ್ರು ಕೊಡಿ ಅಂತ ಬರ್ತಾರಲ್ಲ ಪುಟ್ಟಿ, ನಾನೇನು ಕೇಳ್ತೀನಿ?'

ನನಗೆ ಗೊತ್ತು. ಚಿಕ್ಕೋಳಿದ್ದಾಗಿಂದ ಕೇಳಿದೀನಿ. ಫ್ಯೂಸ್ ನೋಡಿದ್ಯಾ, ಸ್ಟಾರ್ಟರ್ ನೋಡಿದ್ಯಾ, ಮೂರು ಫೇಸೂ ಬರ್ತಿದ್ಯಾ.

'ಮೊನ್ನೆವರೆಗೂ ನಡೀತಿತ್ತು ತಾನೆ? ಮೊನ್ನೆ ಹೆಂಗಿತ್ತೋ ಮೊದ್ಲು ಹಂಗೆ ಮಾಡು. ಆಮೇಲೆ ಬೋರ್ಡಿನ ಮಾತು.'

ಮಾಡಿದೆ. ಪ್ಲಗ್ ಕಿತ್ತೆ. ಕಾರ್ಡ್ ತೆಗೆದೆ. ಹೊಸ ರ‍್ಯಾಮ್ ತೆಗೆದೆ. ಹಳೇ ರ‍್ಯಾಮ್ ಹಳೇ ಸ್ಲಾಟ್‌ನಲ್ಲಿ, ಕೇಬಲ್ ಬೋರ್ಡ್‌ನಲ್ಲಿ. ಆನ್ ಮಾಡಿದೆ.

ಬಂತು. ಲೋಗೋ ಬಂತು, ವಿಂಡೋಸ್ ಬಂತು. 'ಹೋಗಿದ್ದ' ಬೋರ್ಡ್ ಹೋಗಿರಲಿಲ್ಲ.

ಅಪ್ಪ ಎದ್ದು ಬಂದು ಹೇಳಿದ ಮೊದಲ ಮಾತು, 'ಟ್ಯಾಲಿ ಕಾಪಿ ತಗೋ.' ಎರಡು ಪೆನ್‌ಡ್ರೈವ್‌ಗೆ ತಗೊಂಡೆ.

ಆಮೇಲೆ ಹೊಸ ರ‍್ಯಾಮ್ ಒಂದನ್ನೇ ಸೇರಿಸಿದೆ. ಬಂತು, 16 ಜಿಬಿ ತೋರಿಸ್ತು. ಆಫ್ ಮಾಡಿ ಕಾರ್ಡ್ ಹಾಕಿದೆ. ಆನ್ ಮಾಡಿದೆ. ಕಪ್ಪು! ಎದೆ ಧಸಕ್ ಅಂತು. ಆದ್ರೆ ಈ ಸಲ ನಾನು ಮಾಡಿದ್ದು ಒಂದೇ ಬದಲಾವಣೆ, ಹಾಗಾಗಿ ನೋಡಬೇಕಾದ ಜಾಗವೂ ಒಂದೇ. ಕೇಬಲ್‌ನ ಮೇಲಿನ ಪೋರ್ಟ್‌ನಿಂದ ಕೆಳಗಿನ ಪೋರ್ಟ್‌ಗೆ, ಕಾರ್ಡ್‌ನದಕ್ಕೆ ಹಾಕಿದೆ.

ಬಂತು.

20ಕ್ಕೆ ರಿಟರ್ನ್ ಹೋಯ್ತು. ಖರ್ಚು ಸೊನ್ನೆ.

6/8

ಏನಾಗಿತ್ತು ಅಂದ್ರೆ, ತಪ್ಪು ಒಂದಲ್ಲ, ಎರಡಿತ್ತು.

ಒಂದು, ಹೊಸ ರ‍್ಯಾಮ್ ಪೂರ್ತಿ ಕೂತಿರಲಿಲ್ಲ. ಅರ್ಧ ಕೂತ ರ‍್ಯಾಮ್ ಇದ್ರೆ ಬಹಳಷ್ಟು ಬೋರ್ಡ್‌ಗಳು ಮುಂದಕ್ಕೇ ಹೋಗಲ್ಲ. ಎರಡು, ಕಾರ್ಡ್ ಹಾಕಿದ್ಮೇಲೆ ಬಹಳಷ್ಟು ಬೋರ್ಡ್‌ಗಳು ತಮ್ಮ ಸ್ವಂತ ಪೋರ್ಟ್‌ಗೆ ಚಿತ್ರ ಕಳಿಸೋದನ್ನ ನಿಲ್ಲಿಸ್ತವೆ. ನನ್ನ ಕೇಬಲ್ ಅಲ್ಲೇ ಇತ್ತು.

ಭಾನುವಾರ ಕೇಬಲ್ ಸರಿ ಜಾಗಕ್ಕೆ ಹಾಕಿದಾಗ ರ‍್ಯಾಮ್ ತಪ್ಪಾಗಿತ್ತು. ರ‍್ಯಾಮ್ ಸರಿಯಾಗಿ ಕೂತಾಗ ಕೇಬಲ್ ತಪ್ಪು ಜಾಗದಲ್ಲಿತ್ತು. ಎರಡು ಸಲವೂ ನಾನು ಸರಿಯಾದದ್ದನ್ನೇ ಮಾಡಿದ್ದೆ. ಎರಡು ಸಲವೂ ಸ್ಕ್ರೀನ್ ಕಪ್ಪೇ ಇತ್ತು, ಹಾಗಾಗಿ ನಿಜವಾದ ಕಾರಣಗಳಿಗೆ ನಾನೇ ಕ್ಲೀನ್ ಚಿಟ್ ಕೊಟ್ಟುಬಿಟ್ಟೆ. ಸೋಮವಾರ ಅಂಗಡಿಗೆ ಹೋಗೋ ಹೊತ್ತಿಗೆ ಉಳಿದಿದ್ದು ಕೇಬಲ್ ಒಂದೇ. ಅವರ ಕೇಬಲ್ಲೂ ಅದೇ ತಪ್ಪು ಪೋರ್ಟ್‌ಗೆ ಹೋಯ್ತು.

ಬಿಕಾಂ ಮಕ್ಕಳಿಗೆ ಇದು ಅರ್ಥ ಆಗ್ಲೇಬೇಕು. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಎರಡು ಕಡೆ ತಪ್ಪಿದ್ರೆ, ಒಂದನ್ನ ತಿದ್ದಿದ ಮಾತ್ರಕ್ಕೆ ಟ್ಯಾಲಿ ಆಗುತ್ತಾ? ಆಗಲ್ಲ. ಹಾಗಂತ ತಿದ್ದಿದ್ದನ್ನ ಅಳಿಸಿ ಮೊದಲಿನ ಥರಾನೇ ಬರೀತೀವಾ? ನಾನು ಕಂಪ್ಯೂಟರ್ ವಿಷಯದಲ್ಲಿ ಅದನ್ನೇ ಮಾಡಿದೆ. ವ್ಯತ್ಯಾಸ ಸಿಗದಿದ್ರೆ ಸಸ್ಪೆನ್ಸ್ ಅಕೌಂಟ್‌ನಲ್ಲಿ ಇಟ್ಟು ಹುಡುಕ್ತೀವಿ, ಲೆಡ್ಜರ್ ಹರಿದು ಹೊಸದು ತರಲ್ಲ. 'ಬೋರ್ಡ್ ಚೇಂಜ್ ಮಾಡಿ' ಅನ್ನೋದು ಲೆಡ್ಜರ್ ಹರಿಯೋ ಮಾತು.

ಎಲ್ಲದಕ್ಕೂ ಮೂಲ ಒಂದೇ. ಎರಡು ಪಾರ್ಟನ್ನ ಒಂದೇ ಸಲ ಹಾಕಿದ್ದು. ಒಂದು ಹಾಕಿ, ಆನ್ ಮಾಡಿ, ನೋಡಿ, ಆಮೇಲೆ ಇನ್ನೊಂದು ಹಾಕಿದ್ರೆ ಈ ಮೂರು ದಿನ ಉಳೀತಿತ್ತು. ಆ ತಪ್ಪು ಅಂಗಡಿಯವರದ್ದಲ್ಲ, ನಂದು.

7/8

ಇದನ್ನ ಸೇವ್ ಮಾಡ್ಕೊಳ್ಳಿ.

ಮೊದಲು: ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಒಳಗೆ ಕೈ ಹಾಕೋ ಮುಂಚೆ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ. ಎಸ್‌ಎಂಪಿಎಸ್ ಡಬ್ಬಿಯನ್ನ ಮಾತ್ರ ಯಾವತ್ತೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಚಾರ್ಜ್ ಉಳಿದಿರುತ್ತೆ.

ಮಾನಿಟರ್: ಇನ್‌ಪುಟ್ ಸರಿ ಇದೆಯಾ? ಇನ್ನೊಂದು ಕೇಬಲ್ ಹಾಕಿ ನೋಡಿದ್ರಾ? ಕೀಬೋರ್ಡ್‌ನ ನಮ್ ಲಾಕ್ ಒತ್ತಿದ್ರೆ ಲೈಟ್ ಹತ್ತಿ ಆರಿದ್ರೆ, ಸಿಸ್ಟಂ ಹೆಚ್ಚುಕಮ್ಮಿ ಜೀವಂತ ಇದೆ, ಚಿತ್ರ ಮಾತ್ರ ಬರ್ತಿಲ್ಲ ಅಂತ.

ರ‍್ಯಾಮ್ ಹಾಕಿದ್ರೆ: ಎರಡು ತುದಿಯೂ ಪೂರ್ತಿ ಕೂರಬೇಕು. ಒಂದೊಂದೇ ರ‍್ಯಾಮ್, ಒಂದೊಂದೇ ಸ್ಲಾಟ್‌ನಲ್ಲಿ ಹಾಕಿ ನೋಡಿ. ನಾಲ್ಕು ಸ್ಲಾಟ್ ಇದ್ರೆ ಸಾಮಾನ್ಯವಾಗಿ ಎರಡು ರ‍್ಯಾಮ್ ಹೋಗೋದು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ. ಡಿಡಿಆರ್4 ಸ್ಲಾಟ್‌ಗೆ ಡಿಡಿಆರ್3 ಕೂರಲ್ಲ, ಬಲವಂತ ಬೇಡ. ಡಿಡಿಆರ್5 ಸಿಸ್ಟಂ ಮೊದಲ ಸಲ ಆನ್ ಆಗೋಕೆ ಕೆಲವು ನಿಮಿಷ ತಗೋಬಹುದು, ಕಾಯಿರಿ.

ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ: ಮಾನಿಟರ್ ಕೇಬಲ್ ಕಾರ್ಡ್‌ಗೇ. ಸ್ಲಾಟ್‌ನಿಂದ ಸಿಗೋದು ಹೆಚ್ಚೆಂದರೆ 75 ವ್ಯಾಟ್. 1660 ಸೂಪರ್‌ಗೆ ಬೇಕಾಗೋದು 125. ಅದಕ್ಕೇ ಬೇರೆ ಪವರ್ ಕೇಬಲ್ ಇರೋದು. ಪ್ರೊಸೆಸರ್‌ನ 8 ಪಿನ್ ಬೇರೆ, ಕಾರ್ಡ್‌ನ 8 ಪಿನ್ ಬೇರೆ. ಒಂದನ್ನ ಇನ್ನೊಂದಕ್ಕೆ ತುರುಕಬೇಡಿ.

ಪ್ರೊಸೆಸರ್ ಬದಲಿಸಿದ್ರೆ: ಇಂಟೆಲ್ ಮಾಡೆಲ್ ನಂಬರ್ ಕೊನೆಗೆ 'ಎಫ್' ಇದ್ರೆ (ಐ5-12400ಎಫ್ ಥರ) ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಬೋರ್ಡ್ ಪೋರ್ಟ್‌ನಿಂದ ಚಿತ್ರ ಬರೋದೇ ಇಲ್ಲ. ರೈಜೆನ್ 5 3600, 5600 ಕೂಡ ಹಾಗೇ. ಹಳೇ ಬಿ450 ಬೋರ್ಡ್‌ಗೆ ರೈಜೆನ್ 5000 ಹಾಕೋದಾದ್ರೆ ಮೊದಲು ಬಯೋಸ್ ಅಪ್‌ಡೇಟ್ ಆಗಿರಬೇಕು.

ಬೋರ್ಡ್ ಮಾತಾಡುತ್ತೆ: ಕೆಲವು ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಪುಟಾಣಿ ಲೈಟ್ ಇರ್ತವೆ. ಯಾವುದು ಹತ್ತಿ ನಿಂತಿದೆಯೋ ಅಲ್ಲಿಂದ ಹುಡುಕೋಕೆ ಶುರು ಮಾಡಿ.

ಇಷ್ಟಕ್ಕೂ ಬರದಿದ್ರೆ: ಪ್ಲಗ್ ಕಿತ್ತು, ಬೋರ್ಡ್ ಮೇಲಿನ ಗುಂಡಗಿನ ಸಿಆರ್2032 ಸೆಲ್ ತೆಗೆದು, ಐದು ನಿಮಿಷ ಬಿಟ್ಟು ಹಾಕಿ. ಬಯೋಸ್ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗುತ್ತೆ.

ಸುಟ್ಟ ವಾಸನೆ ಬಂದ್ರೆ, ಕಿಡಿ ಕಂಡ್ರೆ, ಪಿನ್ ಬಗ್ಗಿದ್ರೆ ಅಲ್ಲಿಗೇ ನಿಲ್ಲಿಸಿ. ಗೊತ್ತಿರೋರ ಹತ್ರ ಹೋಗಿ.

8/8

ಈಗ ನನ್ನ ಅಭಿಪ್ರಾಯ. ಬೇಡ ಅನಿಸಿದ್ರೆ ಕೆಳಗೆ ಜಗಳ ಆಡಿ.

ಈ ಕಥೆ ಕೇಳಿದವರೆಲ್ಲ 'ಅಂಗಡಿಯವ್ರು ಮೋಸಗಾರ್ರು' ಅಂದ್ರು. ನಾನು ಒಪ್ಪಲ್ಲ. ಬೋರ್ಡ್ ಹೋಗಿದೆ ಅಂತ ಅವರು ನಿಜವಾಗ್ಲೂ ನಂಬಿದ್ರು ಅಂತಾನೇ ನನಗನಿಸೋದು. ಆದ್ರೆ ಅವರು ಪೂರ್ತಿ ನೋಡಲಿಲ್ಲ. ಯಾಕೆ ನೋಡ್ಬೇಕು? ಕಾರ್ಡ್ ತೆಗೆದು, ರ‍್ಯಾಮ್ ಒಂದೊಂದೇ ಹಾಕಿ ನೋಡೋಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ನಾವು ಕೊಡೋದು ಸೊನ್ನೆ. ಕೊನೆಗೆ 'ಕೇಬಲ್ ತಪ್ಪು ಹಾಕಿದ್ಯಮ್ಮ' ಅಂದಿದ್ರೆ ನಾನು ಥ್ಯಾಂಕ್ಸ್ ಅಂತ ಹೇಳಿ ಬಂದಿರ್ತಿದ್ದೆ, ಅವರ ಗಲ್ಲಾಪೆಟ್ಟಿಗೆಗೆ ಒಂದು ರೂಪಾಯಿ ಬೀಳ್ತಿರಲಿಲ್ಲ. ದುಡ್ಡು ಬರೋದು ಪಾರ್ಟ್ ಮಾರಿದ್ರೆ ಮಾತ್ರ ಅಂದ್ಮೇಲೆ, ಉತ್ತರಾನೂ ಪಾರ್ಟ್ ಆಗೇ ಬರುತ್ತೆ. 'ನೋಡಿದ್ದಕ್ಕೆ ದುಡ್ಡು ಬೇಡ' ಅನ್ನೋದು ಫ್ರೀ ಅಲ್ಲ ಕಣ್ರೋ. ಅದು 6,500ರೊಳಗೆ ಸೇರಿರುತ್ತೆ.

ಡಾಕ್ಟರ್ ನಾಡಿ ನೋಡಿ 'ಏನೂ ಇಲ್ಲ, ರೆಸ್ಟ್ ತಗೋ' ಅಂದ್ರೂ ಫೀಸ್ ಕೊಡ್ತೀವಿ. ರಿಪೇರಿಯವ್ರು 'ಚೆಕ್ ಮಾಡೋಕೆ 200' ಅಂದ್ರೆ ಮಾತ್ರ ಮುಖ ಸಿಂಡರಿಸಿ ಪಕ್ಕದ ಅಂಗಡಿಗೆ ಹೋಗ್ತೀವಿ. ನಾನೂ ಹಾಗೆ ಹೋದವಳೇ.

ಅಪ್ಪ ಸಲಹೆಗೆ ದುಡ್ಡು ತಗೊಳಲ್ಲ, ನಿಜ. ಕೇಳಿದೆ ಕೂಡ. 'ಫ್ಯೂಸ್ ಹಾಕ್ಕೊಂಡು ಹೋದೋನು ನಾಳೆ ಪೈಪಿಗೆ ನನ್ನ ಹತ್ರಾನೇ ಬರ್ತಾನೆ' ಅಂದ್ರು. ಇಪ್ಪತ್ತು ವರ್ಷದಿಂದ ಅದೇ ಗಿರಾಕಿಗಳು ಬರೋ ಅಂಗಡಿಗೆ ಅದು ನಡೆಯುತ್ತೆ. ವರ್ಷಕ್ಕೊಂದು ಸಲ ಮುಖ ತೋರಿಸಿ, ಪಾರ್ಟ್ ಮಾತ್ರ ಆನ್‌ಲೈನ್‌ನಲ್ಲಿ ತಗೊಳ್ಳೋ ನಮ್ಮಂಥವರಿಂದ ಅವರು ಏನು ನಿರೀಕ್ಷೆ ಮಾಡ್ಬೇಕು ಹೇಳಿ?

ಅದಕ್ಕೇ ಮುಂದಿನ ಸಲ ಹೀಗೆ ಮಾಡಿ. ಮನೇಲಿ ಒಂದ್ಸಲ ಹಳೇ ಸ್ಥಿತಿಗೆ ತಂದು ನೋಡಿ. ಆಗಲಿಲ್ಲ ಅಂದ್ರೆ ಅಂಗಡಿಗೆ ಹೋಗಿ, 'ಅಣ್ಣ, ಚೆಕ್ಕಿಂಗ್ ಚಾರ್ಜ್ ಕೊಡ್ತೀನಿ, ನನ್ನ ಮುಂದೇನೇ ಮಾಡಿ' ಅಂತ ನೀವೇ ಹೇಳಿ. ಬೋರ್ಡ್ ಹೋಗಿದೆ ಅಂದ್ರೆ ಮೂರು ಪ್ರಶ್ನೆ ಕೇಳಿ: ಹೊಸದೆಲ್ಲ ತೆಗೆದು ನೋಡಿದ್ರಾ? ಬೇರೆ ರ‍್ಯಾಮ್ ಹಾಕಿ ನೋಡಿದ್ರಾ? ಬೇರೆ ಎಸ್‌ಎಂಪಿಎಸ್ ಕೊಟ್ಟು ನೋಡಿದ್ರಾ? ಮೂರಕ್ಕೂ ಹೌದು ಅಂದ್ರೆ, ಬೋರ್ಡ್ ಬದಲಿಸೋ ಮಾತಿಗೆ ಒಂದು ಆಧಾರ ಇದೆ.

ಇನ್ನೊಂದು. ಅಪ್ಪನ ಸಿಸ್ಟಂ ಬಿಚ್ಚೋ ಮೊದಲು ಅಪ್ಪನ್ನ ಕೇಳಿ. ಬ್ಯಾಕಪ್ ತಗೊಳ್ಳಿ. ಈಗ ನಾನು ಪ್ರತಿ ಶನಿವಾರ ತಗೊಳ್ತೀನಿ, ಪೆನ್‌ಡ್ರೈವ್ ಅಪ್ಪನ ಗಲ್ಲಾದಲ್ಲೇ ಇರುತ್ತೆ. ಅಪ್ಪ ಕೇಳಲ್ಲ. ನಾನು ಇಟ್ಟಾಗ ಒಂದ್ಸಲ ನೋಡ್ತಾರೆ ಅಷ್ಟೇ.

ಕಪ್ಪು ಸ್ಕ್ರೀನ್ ನೋಡಿ ದುಡ್ಡು ಕಟ್ಟಿದೋರು ಯಾರಿದೀರ? ಏನು ಬದಲಿಸಿದ್ರಿ, ಕೊನೆಗೆ ಏನಾಗಿತ್ತು ಅಂತ ಕೆಳಗೆ ಬರೀರಿ. ಹಾಸ್ಟೆಲ್‌ನಲ್ಲಿ ಯಾರಾದ್ರೂ ಈಗ ಕ್ಯಾಬಿನೆಟ್ ಬಿಚ್ಚಿಟ್ಕೊಂಡು ಕೂತಿದ್ರೆ 7ನೇ ಕ್ಯಾಪ್ಶನ್ ಕಳಿಸಿ.

#ಡಿಸ್ಪ್ಲೇಬರ್ತಿಲ್ಲ #ಒಂದೊಂದೇಬದಲಿಸಿ #ಬಿಕಾಂಹುಡುಗಿಯಲೆಕ್ಕ #ತಿಪಟೂರು